ಏಮಸ್ ಕೂರಿಸಿದ ಕಿಟಕಿ

ವಿಸ್ಕಾನ್ಸಿನ್
ಮೇ ತಿಂಗಳು, ೧೮೪೭

ಅತ್ತೆಯವರಿಗೆ ಡೋರ್ಕಸ್ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ನಿಮ್ಮ ಮಗ ತೀರಿಕೊಂಡ ಸುದ್ದಿ ಇಂಗ್ಲೆಂಡಿಗೆ ಬಂದು, ನಿಮ್ಮ ಅಳು ನನ್ನನ್ನು ಮುಟ್ಟುವಷ್ಟರಲ್ಲಿ ಇಲ್ಲಿ ಹಿಮ ಕರಗಿದೆ. ಅವನು ಬಿತ್ತಬೇಕಿದ್ದ ಗೋಧಿಯನ್ನು ನಾನೇ ಬಿತ್ತಿದ್ದೇನೆ. ನೀವು ನನ್ನ ಕ್ಷೇಮ ಕೇಳುವ ಮೊದಲೇ ಕಿಟಕಿಯ ವಿಷಯ ಕೇಳಿದ್ದೀರಿ. "ಪ್ರಾಣ ಹೋದ ಕೂಡ್ಲೆ ಕಿಟಕಿ ತೆಗೆದೆ ತಾನೆ? ಇಲ್ದಿದ್ರೆ ನನ್ನ ಮಗನ ಜೀವ ಹೊರಗೆ ಹೋಗೋದು ಹೇಗೆ?" ಓದಿ ಮೊದಲು ನಗು ಬಂತು, ಥೇಟ್ ನಿಮ್ಮ ದನಿಯೇ ಕೇಳಿದ ಹಾಗಿತ್ತು. ಆಮೇಲೆ ಕಾಗದವನ್ನು ಮಡಚಿಟ್ಟುಬಿಟ್ಟೆ.

ತೆಗೆಯಲಿಲ್ಲ ಅತ್ತೆ. ತೆಗೆಯಲು ಬರುವ ಕಿಟಕಿಯೇ ಈ ಮನೆಯಲ್ಲಿರಲಿಲ್ಲ. ಇಲ್ಲಿನ ಮೊದಲ ಚಳಿಗಾಲಕ್ಕೆ ಮುಂಚೆ ಏಮಸ್ ಈ ಮರದ ದಿಮ್ಮಿಗಳ ಗೋಡೆಯಲ್ಲಿ ಒಂದೇ ಒಂದು ಗಾಜು ಕೂರಿಸಿ, ಚೌಕಟ್ಟಿಗೆ ಮೊಳೆ ಹೊಡೆದು, ಸಂದಿಗೆಲ್ಲ ಮಣ್ಣು ಮೆತ್ತಿಬಿಟ್ಟಿದ್ದ.

"ಇಲ್ಲಿನ ಗಾಳಿ ಬರೋಕೆ ಬಾಗಿಲೊಂದೇ ಸಾಕು ಕಣೆ. ಅಮ್ಮ ನೋಡಿದ್ರೆ ಮಾತ್ರ ನನ್ನ ಕಿವಿ ಹಿಂಡ್ತಾಳೆ," ಅಂದಿದ್ದ.

"ಇಲ್ಲಿ ಸಾಯೋರು ಯಾರಿದ್ದಾರೆ ಬಿಡು," ಅಂದಿದ್ದೆ ನಾನು.

ಜನವರಿಯಲ್ಲಿ ಎದೆಗೆ ಶೀತ ಇಳಿದು ಅವನು ಹೋದಾಗ ನಾನು ಕೊಡಲಿ ಹಿಡಿದು ಆ ಗಾಜಿನ ಮುಂದೆ ನಿಂತಿದ್ದೆ. ಹೊರಗೆ ಹಿಮಗಾಳಿ ಬೀಸುತ್ತಿತ್ತು, ತೊಟ್ಟಿಲಲ್ಲಿ ನಿಮ್ಮ ಮೊಮ್ಮಗಳು ಫೀಬಿ ಮಲಗಿದ್ದಳು. ಗಾಜು ಒಡೆದಿದ್ದರೆ ಮಗು ಚಳಿಗೆ ಸೆಟೆದುಹೋಗುತ್ತಿತ್ತು. ಕೊಡಲಿ ಕೆಳಗಿಟ್ಟೆ. ಬಾಗಿಲು ಹಿಮಕ್ಕೆ ಸಿಕ್ಕಿ ಅಲುಗಾಡುತ್ತಿರಲಿಲ್ಲ. ತೆರೆದಿದ್ದರೂ ನೀವು ಅದನ್ನು ಲೆಕ್ಕಕ್ಕೆ ಹಿಡಿಯುವವರಲ್ಲ. ಮಾವನವರು ಹೋದಾಗ ಬಾಗಿಲು ಹಾರು ಹೊಡೆದಿದ್ದರೂ ನೀವು ಓಡಿಹೋಗಿ ಕಿಟಕಿಯನ್ನೇ ತೆಗೆದಿರಿ.

ಅವನು ಹೋಗಿಲ್ಲ ಅತ್ತೆ. ಫೆಬ್ರವರಿಯ ಒಂದು ಬೆಳಿಗ್ಗೆ ಗಾಜಿನ ಒಳಮೈಗೆ ಕಟ್ಟಿದ್ದ ಮಂಜಿನಲ್ಲಿ ಒಂದು ಅಂಗೈ ಮೂಡಿತ್ತು. ನನ್ನ ಕೈ ಇಟ್ಟು ನೋಡಿದೆ; ಸುತ್ತಲೂ ಜಾಗ ಉಳಿಯಿತು. ಈಗ ಮಂಜಿಲ್ಲ, ಸದ್ದಿದೆ. ನಾನು ಹಾಲು ಕಾಯಿಸುವ ಹೊತ್ತಿಗೆ ಯಾರೋ ಬೆರಳಿನಿಂದ ಗಾಜು ತಟ್ಟುತ್ತಾರೆ, ಮನೆಯ ಒಳಗಿನಿಂದ. ಫೀಬಿ ಹೆದರುವುದಿಲ್ಲ, ಆ ಕಡೆ ನೋಡಿ ನಗುತ್ತಾಳೆ. ನಾನೂ ಈಗ ಎರಡು ತಟ್ಟೆ ಇಡುತ್ತೇನೆ.

ನೆರೆಮನೆಯ ರಾಗ್ನಾ, ನಾರ್ವೆಯಿಂದ ಬಂದ ಹೆಂಗಸು, ಒಂದು ಸಂಜೆ ಆ ಸದ್ದು ಕೇಳಿ ಬಿಳಿಚಿಕೊಂಡಳು. ಮರುದಿನವೇ ಗಂಡನನ್ನು ಕರೆತಂದು, ಹಳೆಯ ಚೌಕಟ್ಟು ಕಿತ್ತು, ಕೀಲು ಚಿಲಕ ಇರುವ ಹೊಸ ಕಿಟಕಿ ಹಾಕಿಸಬೇಕೆಂದಳು. ಹಳೆಯದನ್ನು ಕಿತ್ತರೆ ಗೋಡೆ ಬಾಯಿ ತೆರೆಯುತ್ತದಲ್ಲ, ಆ ಹೊತ್ತಿನಲ್ಲಿ ಅವನು ಹೊರಟುಬಿಟ್ಟರೆ ಎಂದು ನಾನು ಒಪ್ಪಲಿಲ್ಲ. ಅದನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಹೊರಗಿನಿಂದ ಹೊಸ ಕಿಟಕಿ ಕೂರಿಸಿ, ಚಿಲಕ ಭದ್ರವಾದ ಮೇಲೆ ಮಾತ್ರ ಅದರ ಹಿಂದಿನ ದಿಮ್ಮಿಗಳನ್ನು ಒಳಗಿನಿಂದ ಕೊಯ್ಯಲು ಬಿಟ್ಟೆ.

"ಪಾಪ, ಅವನನ್ನ ಯಾಕೆ ಕೂಡಿಹಾಕ್ಕೊಂಡಿದ್ದೀಯ ತಾಯಿ? ಚಿಲಕ ತೆಗಿ," ಎಂದು ರಾಗ್ನಾ ಕೈ ಹಿಡಿದುಕೊಂಡಳು.

ತಟ್ಟುವ ಸದ್ದು ಈಗ ಹೊಸ ಗಾಜಿಗೆ ಬಂದಿದೆ. ಅವನಿಗೆ ಹೋಗಬೇಕಾಗಿದೆ ಎಂದು ನನಗೆ ಗೊತ್ತು. ಆದರೆ ಈ ಬಯಲಿನಲ್ಲಿ ನನಗೆ ಇರುವವನು ಅವನೊಬ್ಬನೇ ಅತ್ತೆ. ಚಿಲಕದ ಮೇಲಿಟ್ಟ ಕೈಯನ್ನು ಎಷ್ಟೋ ಸಲ ಹಿಂದಕ್ಕೆ ಎಳೆದುಕೊಂಡಿದ್ದೇನೆ.

ನೀವು ಹೆತ್ತವರು. ತೆಗೆ ಎಂದು ನೀವು ಬರೆದ ದಿನ ತೆಗೆಯುತ್ತೇನೆ, ಮಾತು ತಪ್ಪುವುದಿಲ್ಲ. ಈ ಕಾಗದ ಹಡಗು ಹತ್ತಿ ನಿಮ್ಮೂರಿಗೆ ಬಂದು, ನಿಮ್ಮ ಉತ್ತರ ತಿರುಗಿ ಇಲ್ಲಿಗೆ ಮುಟ್ಟುವಾಗ ಗೋಧಿ ಕೊಯ್ಲು ಮುಗಿದಿರುತ್ತದೆ.

ದೇವರು ನಿಮ್ಮ ಕಣ್ಣನ್ನೂ ಕಾಲನ್ನೂ ಗಟ್ಟಿಯಾಗಿಟ್ಟಿರಲಿ, ನಿಮ್ಮ ಒಲೆ ಆರದಿರಲಿ. ಉತ್ತರ ಬರೆಯಲು ಅವಸರ ಮಾಡಬೇಡಿ.

ನಿಮ್ಮ ಸೊಸೆ,
ಡೋರ್ಕಸ್