ಸೀರೆ ಬೇಡ, ಶಾಲು ಬೇಡ, ಹತ್ತು ನಿಮಿಷ ಮೈಕು ಕೊಡಿ

ಸನ್ಮಾನ ಸಮಿತಿಯ ಮಾನ್ಯ ಅಧ್ಯಕ್ಷರೇ,

ಕಳೆದ ಭಾನುವಾರ ನವನಗರದ ಉತ್ಸವದಲ್ಲಿ ನೀವು ನನ್ನನ್ನು ಸನ್ಮಾನಿಸಿದಿರಿ. ಅದಕ್ಕಾಗಿಯೇ ಈ ದೂರು. ಆಮಂತ್ರಣ ಪತ್ರಿಕೆಯಲ್ಲಿ ‘ಲೇಖಕಿ ಬಸವೇಶ್ವರಿ ಅವರಿಂದ ಸ್ವಂತ ಕೃತಿಯ ವಾಚನ’ ಎಂದು ನೀವೇ ಅಚ್ಚು ಹಾಕಿಸಿದ್ದಿರಿ. ಆದರೆ ವೇದಿಕೆಗೆ ಕರೆದು, ಕೊರಳಿಗೆ ಹಾರ ಹಾಕಿ, ಒಂದಕ್ಷರ ಓದಲೂ ಬಿಡದೆ ಕೆಳಗಿಳಿಸಿದಿರಿ. ‘ಸಮಯದ ಅಭಾವ’ ಎಂದಿರಿ. ಆ ಸಮಯವನ್ನು ತಿಂದವರು ಯಾರು ಎಂದು ಊರಿಗೆಲ್ಲ ತಿಳಿಯಲೆಂದೇ ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ನೀವು ಮರೆತಿರಬಹುದು, ನೆನಪಿಸುತ್ತೇನೆ. ನಮ್ಮ ಕಡೆ ಸನ್ಮಾನವೆಂದರೆ ಗಂಡಸರಿಗೆ ರುಮಾಲು ಸುತ್ತಿ ಶಾಲು ಹೊದಿಸುತ್ತಾರೆ, ಹೆಂಗಸರಿಗೆ ಇಳಕಲ್ಲ ಸೀರೆ ಕೊಟ್ಟು ಉಡಿ ತುಂಬುತ್ತಾರೆ. ಅಂದು ರುಮಾಲು-ಶಾಲಿನದೊಂದು, ಸೀರೆಯದೊಂದು, ಎರಡೂ ತಾಟು ಸಿದ್ಧವಾಗಿದ್ದವು. ನನ್ನ ಸರದಿ ಬಂತು. ನಿರೂಪಕ ಚೇತನಕುಮಾರ ಮೈಕು ಬಂದ್ ಮಾಡುವುದನ್ನೂ ಮರೆತು ಕೇಳಿದರು: “ಸಾಹೇಬ್ರ, ಇವರಿಗೆ ಯಾವ ತಾಟು ತರಲಿರಿ?”

“ಏ, ಸೀರಿ ಬ್ಯಾಡೋ, ಹೆಣ್ಮಕ್ಕಳು ಬೇಜಾರ ಆಗ್ತಾರ,” ಎಂದಿರಿ ನೀವು.

“ಹಂಗಾರ ರುಮಾಲು?”

“ರುಮಾಲು ಸುತ್ತಿದ್ರ ಇವರು ಬೇಜಾರ ಆಗ್ತಾರ!”

ಸಭೆ ಬಿದ್ದು ಬಿದ್ದು ನಕ್ಕಿತು. ನೀವೆಲ್ಲ ತಲೆಗೆ ತಲೆ ಕೂಡಿಸಿ ಪಿಸುಗುಟ್ಟುತ್ತ ನಿಂತಿರಿ. ಸ್ವಾಮಿ, ನಾನು ಸೀರೆ ಉಟ್ಟುಕೊಂಡೇ ನಿಂತಿದ್ದೆ! ಹಣೆಗೆ ಕುಂಕುಮವಿತ್ತು, ಕೈತುಂಬ ಬಳೆಯಿತ್ತು. ಇಷ್ಟೆಲ್ಲ ಪಂಚಾಯ್ತಿ ಮಾಡುವ ಬದಲು ‘ನಿಮಗ ಏನ್ ಕೊಡೂಣ್ರಿ?’ ಎಂದು ನನ್ನನ್ನೇ ಒಂದು ಮಾತು ಕೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಕೊನೆಗೆ ಎರಡೂ ತಾಟು ಬದಿಗಿಟ್ಟು, ಒಂದು ಹಾರ ಹಾಕಿ ಮೂಗಿಗೆ ತುಪ್ಪ ಸವರಿದಿರಿ. ನಾನು ಓದಬೇಕಾದ ಹೊತ್ತು ನಿಮ್ಮ ಚರ್ಚೆಗೇ ಸಂದಾಯವಾಗಿತ್ತು.

ಮಂದಿಯ ನಗೆ ನನಗೆ ಹೊಸದಲ್ಲ. ಗಂಡೆಂದು ಬೆಳೆಸಿದ ಮನೆಯನ್ನು ಹದಿನೇಳಕ್ಕೆ ಬಿಟ್ಟು, ಹೆಣ್ಣಾಗಿ ಬದುಕಿದವಳು ನಾನು. ಬಾದಾಮಿಯ ಬಸ್‌ಸ್ಟ್ಯಾಂಡಿನಲ್ಲಿ ಕೈಯೊಡ್ಡಿದ್ದೇನೆ. ಯಾರೂ ಬಾಡಿಗೆಗೆ ಕೊಡದಿದ್ದಾಗ ಹುನಗುಂದದ ಕಾಸಿಂಬಿ ಎಂಬ ಮುದುಕಿ ಕೊಟ್ಟ ಖೋಲಿಯಲ್ಲಿ ಕೂತು ಎರಡು ಪುಸ್ತಕ ಬರೆದಿದ್ದೇನೆ. ನನ್ನಂಥವರಿಗೆ ರೇಷನ್ ಕಾರ್ಡು, ಮತದಾರರ ಚೀಟಿ ಕೊಡಿಸಲು ಕಚೇರಿ ಕಚೇರಿ ಅಲೆದು, ಬೈಸಿಕೊಂಡು, ತಿರುಗಿ ಬೈದು, ಕೊಡಿಸಿಯೂ ಇದ್ದೇನೆ. ನಿಮ್ಮ ಸಭೆ ನಕ್ಕಿತೆಂದು ಕರಗಿಹೋಗುವ ಪೈಕಿ ನಾನಲ್ಲ. ಆದರೆ ಅಂದು ಮೂರನೆಯ ಸಾಲಿನಲ್ಲಿ ನನ್ನ ಅವ್ವ ಕೂತಿದ್ದಳು.

ಅವ್ವ ಸಿದ್ದವ್ವ ಇಳಕಲ್ಲಿನಲ್ಲಿ ಸೀರೆ ನೇಯುತ್ತಾಳೆ. ಅವಳಿಗೆ ಓದು ಬರುವುದಿಲ್ಲ. ನನ್ನ ಎರಡನೆಯ ಪುಸ್ತಕ ಪೂರ್ತಿ ಅವಳ ಬಗ್ಗೆ, ಅವಳ ಮಗ್ಗದ ಬಗ್ಗೆ. ಮನೆಗೆ ಬಂದು ಓದಿ ಹೇಳಲೇ ಎಂದು ಫೋನಿನಲ್ಲಿ ಕೇಳಿದ್ದೆ. “ಮನ್ಯಾಗ ಕದಾ ಹಾಕ್ಕೊಂಡು ಯಾಕ ಕೇಳ್ಲಿ?” ಎಂದಳು. “ಎಂಥಾದ್ದು ಹಡದಿಯವಾ ಅಂತ ನನ್ನ ನಾಕ್ ಮಂದ್ಯಾಗ ಅಂದಾರ. ನೀನೂ ನಾಕ್ ಮಂದ್ಯಾಗ ಓದು. ಅಲ್ಲೇ ಬಂದು ಕೇಳ್ತೇನಿ.”

ಹಾಗೆಂದವಳು ಮಗ್ಗ ನಿಲ್ಲಿಸಿ, ತಾನೇ ನೇಯ್ದ ಸೀರೆ ಉಟ್ಟು, ಬಸ್ಸು ಹತ್ತಿ ಬಂದಳು. ಬಂದು ಕೇಳಿದ್ದೇನು? ನಿಮ್ಮ ತಾಟಿನ ಪಂಚಾಯ್ತಿ ಮತ್ತು ಮಂದಿಯ ನಗೆ. ನಾನು ಕೆಳಗಿಳಿದು ಬಂದಾಗ ಕೈ ಹಿಡಿದು, “ಓದಲೇ ಇಲ್ಲಲ್ಲ ಬಸವ್ವಾ?” ಎಂದಳು. ನಾನೇ ಇಟ್ಟುಕೊಂಡ ಆ ಹೆಸರಿನಿಂದ ಅವಳು ನನ್ನನ್ನು ಕರೆದದ್ದು ಅದೇ ಮೊದಲು. ನನಗೆ ಅಳು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಇನ್ನು ವೇದಿಕೆಯ ಹಿಂದೆ ನಡೆದದ್ದು. ನೀವು ಮೊಮ್ಮಗಳನ್ನು ಎತ್ತಿಕೊಂಡು ಓಡೋಡಿ ಬಂದಿರಿ. “ಯವ್ವಾ, ಸಿಟ್ಟಾಗಬ್ಯಾಡ್ರಿ. ಶಾಪಾ ಗೀಪಾ ಹಾಕಬ್ಯಾಡ್ರಿ. ಕೂಸಿನ ತಲಿ ಮ್ಯಾಲ ಒಂದೀಟು ಕೈ ಇಡ್ರಿ.” ಎಲಾ! ವೇದಿಕೆಯ ಮೇಲೆ ಯಾವ ತಾಟಿಗೂ ಸಲ್ಲದವಳು ವೇದಿಕೆಯ ಹಿಂದೆ ಯವ್ವ ಆದದ್ದು ಹೇಗೆ? ಈ ನಾಲಿಗೆಯ ಶಾಪಕ್ಕೆ ಇಷ್ಟು ಹೆದರುವವರು, ಇದೇ ನಾಲಿಗೆಯ ಓದನ್ನು ಹತ್ತು ನಿಮಿಷ ಕೇಳಲಾರಿರಾ? ಕೂಸಿನದೇನು ತಪ್ಪು, ಕೈ ಇಟ್ಟೆ. ಚೆಂದಾಗಿ ಓದು ಕಲಿ ಎಂದು ಹರಸಿದೆ.

ನನ್ನ ಬೇಡಿಕೆ ಇಷ್ಟೇ. ಸೀರೆ ಬೇಡ, ನನ್ನನ್ನು ಹೆತ್ತವಳೇ ನೇಯುತ್ತಾಳೆ. ವಿಷಾದದ ಪತ್ರವೂ ಬೇಡ. ಅದೇ ಸಭಾಂಗಣ, ಅದೇ ಮಂದಿ, ಹತ್ತು ನಿಮಿಷ ಮೈಕು, ಮೊದಲ ಸಾಲಿನಲ್ಲಿ ಅವ್ವನಿಗೊಂದು ಕುರ್ಚಿ. ಬರುವ ಅಮಾವಾಸ್ಯೆಯ ದಿನ ಅವ್ವನ ಮಗ್ಗಕ್ಕೆ ರಜೆ. ಅಷ್ಟರೊಳಗೆ ನೀವು ಕರೆಯದಿದ್ದರೆ, ಅಂದು ಇಳಕಲ್ಲಿನಲ್ಲಿ ನಮ್ಮ ಮನೆಯ ಎದುರಿಗೇ, ಓಣಿಯ ನಡುವೆ ನಿಂತು ಓದುತ್ತೇನೆ. ನೀವೂ ಬನ್ನಿ, ಮೊಮ್ಮಗಳನ್ನೂ ಕರೆತನ್ನಿ. ಕುರ್ಚಿ ಮಾತ್ರ ನೀವೇ ತರಬೇಕು.

ಅಲ್ಲಿ ಮೈಕು ಇರುವುದಿಲ್ಲವೆಂದು ಅವ್ವನಿಗೆ ಮೊದಲೇ ಹೇಳಿದ್ದೇನೆ. ಅವಳು ನಕ್ಕಳು. “ಮೈಕ್ ಯಾಕ ಬೇಕ? ನಿನ್ನ ದನಿ ಏನ್ ಸಣ್ಣದೈತೇನು? ಓದು, ಇಡೀ ಓಣಿಗೇ ಕೇಳ್ತೈತಿ.”

ಇಂತಿ,
ಎರಡು ತಾಟಿನ ನಡುವಿಂದ ಬರಿಯ ಹಾರ ಹೊತ್ತು ಇಳಿದುಬಂದ,
ಸಿದ್ದವ್ವನ ಮಗಳು ಬಸವೇಶ್ವರಿ