ಮಾವನ ಬಿಳಿ

ಮಾರ್ಚ್ 3, ಭಾನುವಾರ

ಚೌಕ ಸರಿಯಾಯ್ತು. ವೃತ್ತ ಇನ್ನೂ ಇಲ್ಲ. ಚೌಕದ ನಾಲ್ಕೂ ಬದಿಯನ್ನು ಒಳಗಿನಿಂದ ಮುಟ್ಟಿ ನಿಲ್ಲಬೇಕಾದದ್ದು, ಹಲ್ಲುನೋವಿನ ಕೆನ್ನೆಯ ಹಾಗೆ ಹೊರಗೆ ಉಬ್ಬಿದೆ. ನಾನೇ ಜೋಡಿಸಿದ ಲೇಸರ್ ಪ್ರೊಜೆಕ್ಟರಿನ ಸ್ಕ್ಯಾನರ್‌ನಲ್ಲಿರುವ ಎರಡು ಕನ್ನಡಿಗಳೂ ಕಿರುಬೆರಳ ಉಗುರಿನಷ್ಟಿಲ್ಲ, ಹಟ ಮಾತ್ರ ಈ ಮನೆಯವರದ್ದೆಲ್ಲ ಸೇರಿಸಿದಷ್ಟು. ಒಂದೇ ಒಂದು ಬೆಳಕಿನ ಚುಕ್ಕೆಯನ್ನು ಅವು ಗೋಡೆಯ ಮೇಲೆ ಅಷ್ಟು ಜೋರಾಗಿ ಓಡಿಸುವುದರಿಂದಲೇ ನಮಗೆ ಗೆರೆ, ನಕ್ಷತ್ರ, ಹೂವು ಕಾಣುವುದು. ಸ್ಪೀಡ್ ಏರಿಸಿದರೆ ಮೂಲೆಗಳು ನಡುಗುತ್ತವೆ, ಮೋಟಾರು ಬಿಸಿ. ಇಳಿಸಿದರೆ ಚಿತ್ರ ಮಿಣುಕುತ್ತದೆ. ಪುಟಾಣಿ ಸ್ಕ್ರೂಡ್ರೈವರ್ ಹಿಡಿದು ಕೂದಲೆಳೆಯಷ್ಟು ತಿರುಗಿಸು, ನೋಡು, ಮತ್ತೆ ತಿರುಗಿಸು... ಇಡೀ ಮಧ್ಯಾಹ್ನ ಹೋಯ್ತು. ಖುಷಿಯಾಗಿಯೇ ಹೋಯ್ತು.

ಪ್ರತಿ ಭಾನುವಾರದ ಹಾಗೆ ಏಳಕ್ಕೆ ಷೋ. ಕಿಟಕಿಯ ಪರದೆ ಎಳೆದದ್ದಾಯ್ತು. ಸೋಫಾದಲ್ಲಿ ಅತ್ತೆ, ಇವರು. ಮಾವ ತಮ್ಮ ಕುರ್ಚಿಯಲ್ಲಿ, ತೊಡೆಯ ಮೇಲೆ ನಾನು ಮಾಡಿಕೊಟ್ಟ ಡಬ್ಬಿ — ಕೆಂಪು, ಹಸಿರು, ನೀಲಿಗೆ ಒಂದೊಂದು ನಾಬ್, ಮೂರೂ ಹದವಾಗಿ ಬೆರೆತರೆ ಬಿಳಿ. ಚುಕ್ಕೆಯ ಓಟ ನನ್ನದು, ಬಣ್ಣ ಅವರದು. ಮೊದಲಿನಿಂದ ಇದೇ ಒಪ್ಪಂದ. ಆಯಸ್ಸೆಲ್ಲ ಮನೆಗಳಿಗೆ ಬಣ್ಣ ಬೆರೆಸಿ ಹೊಡೆದವರು. ಅವರ ಮುಂದೆ ನಾನು ಬಾಯಿ ಬಿಡುವುದಿಲ್ಲ.

"ನೀಲಿ ಸಾಲ್ದು ಕಣಮ್ಮ" ಅಂದರು. ಮತ್ತೆ ಅದೇ ರಾಗ.

"ಫುಲ್ ಇದೆ ಮಾವ. ಇನ್ನು ತಿರುಗಿಸಿದ್ರೆ ನಾಬ್ ಕೈಗೆ ಬರುತ್ತೆ."

"ಹಂಗಾದ್ರೆ ನಿನ್ನ ಮೆಷಿನ್ನಿಗೆ ವಯಸ್ಸಾಯ್ತು ಬಿಡು."

ಮಾರ್ಚ್ 5

ಅಡುಗೆಮನೆಯಲ್ಲಿ ಇವರು ಪಿಸುಗುಟ್ಟಿದರು: "ಈಗೀಗ ನೀಲಿ ಸ್ವಲ್ಪ ಜಾಸ್ತಿ ಅಲ್ವೇನೇ?" ಗದರಿಸಿ ಕಳಿಸಿದೆ. ಬಿಳಿಗೆ ಚೂರು ನೀಲಿ ಬೆರೆಸಿದರೇನೇ ಬಿಳಿ ಎದ್ದು ಕಾಣುವುದು ಅಂತ ಮಾವ ಹೇಳಿಲ್ಲವೇ. ಸುಣ್ಣಕ್ಕೂ ಹಾಗೇ ಮಾಡುತ್ತಿದ್ದರಂತೆ.

ಆದರೆ ಫುಲ್ ಇಟ್ಟರೂ ಸಾಲದು ಅಂದರೆ? ನೀಲಿ ಬೆಳಕು ಕೊಡುವ ಡಯೋಡ್ ಸಾಯ್ತಿರಬೇಕು.

ಮಾರ್ಚ್ 9, ಸಂಜೆ

ಸ್ಟೇಜ್ ಲೈಟಿಂಗ್ ಮಾಡುವ ಗೆಳತಿಯಿಂದ ಲೇಸರ್ ಬೆಳಕು ಅಳೆಯುವ ಪವರ್ ಮೀಟರ್ ತಂದೆ. ಅಳೆದೂ ಅಳೆದೂ ಸಾಕಾಯ್ತು. ನೀಲಿ ಗುಂಡುಕಲ್ಲಿನ ಹಾಗಿದೆ. ಕೆಂಪು, ಹಸಿರನ್ನು ಮಾವನೇ ಇಳಿಸುತ್ತಾ ಇಳಿಸುತ್ತಾ ಎಲ್ಲೋ ತಳಕ್ಕೆ ತಂದಿದ್ದಾರೆ.

ಮೆಷಿನ್ ಸರಿ, ಲೇಸರ್ ಸರಿ. ಇನ್ನು ಉಳಿದದ್ದು ಮಾವನ ಕಣ್ಣು.

ನನ್ನ ಬುದ್ಧಿಗಿಷ್ಟು! ಡೆಂಟಲ್ ಲ್ಯಾಬಿನಲ್ಲಿ ದಿನವಿಡೀ ಕಟ್ಟಿಸುವ ಹಲ್ಲಿಗೆ ಬಣ್ಣ ಹೊಂದಿಸುತ್ತೇನೆ. ಬಿಳಿಯಲ್ಲೇ ಹದಿನಾರು ಥರ, ಕಣ್ಣು ಮಿಟುಕಿಸುವುದರಲ್ಲಿ ಹೇಳುತ್ತೇನೆ. ಮನೆಯಲ್ಲಿ ಆರು ತಿಂಗಳಿಂದ ನೀಲಿಯನ್ನು ಬಿಳಿ ಅಂತ ನೋಡಿಕೊಂಡು ಕೂತಿದ್ದೆ — ಮಾವ ಹೇಳಿದರು ಅಂತ.

ಅತ್ತೆಗೆ ಹೇಳಿದರೆ ಆಶ್ಚರ್ಯವೇ ಇಲ್ಲ. "ಒಂದು ಕಾಲಿಗೆ ಕಪ್ಪು ಸಾಕ್ಸು, ಇನ್ನೊಂದಕ್ಕೆ ನೇವಿ ಬ್ಲೂ ಹಾಕ್ಕೊಂಡು ಓಡಾಡ್ತಾರೆ, ನೋಡಿಲ್ವಾ?"

"ಮತ್ತೆ ಯಾಕೆ ಹೇಳ್ಲಿಲ್ಲ ಅತ್ತೆ?"

"ಭಾನುವಾರ ಬಂತು ಅಂದ್ರೆ ಬೆಳಗ್ಗೇನೇ ಶೇವ್ ಮಾಡ್ಕೊಂಡು ಕಾಯ್ತಾರೆ. ನಿಮಗೆ ಬಣ್ಣ ಗೊತ್ತಾಗಲ್ಲ ಅಂತ ಹೆಂಗೆ ಹೇಳ್ಲಿ? ಇರೋದು ಅದೊಂದು."

ಮಾರ್ಚ್ 10, ಭಾನುವಾರ

ಕೆಟ್ಟೆ. ಜಾಣತನ ಮಾಡಲು ಹೋಗಿ ಪೂರ್ತಿ ಕೆಟ್ಟೆ.

ಗೋಡೆಯ ಮೇಲೆ ಎರಡು ಚೌಕ ಹಾಕಿದೆ. ಬಲಕ್ಕೆ ಮಾವನ ಬಿಳಿ. ಎಡಕ್ಕೆ ನೀಲಿ ಅರ್ಧಕ್ಕೆ ಇಳಿಸಿದ್ದು. ಯಾವುದು ಹೆಚ್ಚು ಬಿಳಿ ಅಂತ ಸುಮ್ಮನೆ ಕೇಳಿದ ಹಾಗೆ ಕೇಳಿದೆ. ಮಾವ "ಬಲಗಡೇದು" ಅನ್ನುವುದಕ್ಕೂ ಇವರು "ಎಡಗಡೇದು" ಅನ್ನುವುದಕ್ಕೂ ಸರಿಹೋಯ್ತು. ಮಾವ ನನ್ನ ಕಡೆ ತಿರುಗಿದರು.

"ನನ್ನ ಕಣ್ಣಿಗೆ ಪರೀಕ್ಷೆ ಇಟ್ಟಿದ್ದೀಯೇನಮ್ಮ?"

"ಹಂಗಲ್ಲ ಮಾವ... ಒಂದ್ಸಲ ಡಾಕ್ಟರ ಹತ್ರ—"

"ಕಣ್ಣಿಗೆ ಕತ್ತಿ ಹಾಕ್ತಾರೆ. ಇರೋದೂ ಹೋದ್ರೆ?" ಡಬ್ಬಿಯನ್ನು ಮೇಜಿನ ಮೇಲಿಟ್ಟು ಎದ್ದರು. "ಬಣ್ಣ ಗೊತ್ತಾಗ್ದೇ ಇರೋನು ಇಲ್ಯಾಕೆ? ಊಟಕ್ಕೆ ಕರೀರಿ, ಬರ್ತೀನಿ."

ಕೂಗಾಡಿದ್ದರೆ ವಾಸಿಯಿತ್ತು. ಮೆಲ್ಲಗೆ ಹೇಳಿ ಹೋದರು.

ಮಾರ್ಚ್ 17

ಷೋ ಇಲ್ಲ. ಮಾವ ಶೇವ್ ಮಾಡಿಲ್ಲ.

ಮಾರ್ಚ್ 24, ಭಾನುವಾರ

ಹಟಕ್ಕೆ ಬಿದ್ದು ನಾನೇ ಬಣ್ಣಕ್ಕೆ ಕೂತೆ. ಮೀಟರ್ ಬೆಳಕು ಎಷ್ಟಿದೆ ಅಂತ ಹೇಳುತ್ತದೆ, ಕಣ್ಣಿಗೆ ಯಾವುದು ಬಿಳಿ ಅಂತ ಹೇಳುವುದಿಲ್ಲ. ಅದಕ್ಕೆ ಕಣ್ಣೇ ಬೇಕು. ಸರಿ, ನನ್ನ ಕಣ್ಣೇನು ಕಡಿಮೆ? ತಿರುಗಿಸಿದೆ, ತಿದ್ದಿದೆ, ಅಪ್ಪಟ ಬಿಳಿ ತಂದೆ. ಎದೆಯುಬ್ಬಿಸಿ ಅತ್ತೆಯನ್ನೂ ಇವರನ್ನೂ ಕರೆದೆ.

ಇವರು ನೋಡಿದರು. ಮತ್ತೊಮ್ಮೆ ನೋಡಿದರು. "ಇದು ಹಲ್ಲಿನ ಬಣ್ಣ ಕಣೇ!"

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. "ಗೋಡೆಗೇ ಹಲ್ಲು ಕಟ್ಟಿಸಿದ್ದೀಯಲ್ಲೇ ತಾಯಿ!"

ಸಿಟ್ಟು ನೆತ್ತಿಗೇರಿತು. ಟೇಬಲ್ ಲ್ಯಾಂಪ್ ಹಾಕಿ, ಒಂದು ಬಿಳಿ ಹಾಳೆ ತಂದು ಪಕ್ಕದಲ್ಲಿ ಹಿಡಿದೆ. ಅಯ್ಯೋ. ಹಳದಿ! ಇಪ್ಪತ್ತು ವರ್ಷ ಹಲ್ಲು ನೋಡಿ ನೋಡಿ, ಹಳದಿ ಬೆರೆತರೇನೇ ನನ್ನ ಕಣ್ಣಿಗೆ ಬಿಳಿ. ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆ. ಆಮೇಲೆ ನೆಟ್ಟಗೆ ಮಾವನ ರೂಮಿಗೆ ಹೋದೆ.

"ಮಾವ, ನನ್ನ ಬಿಳಿ ಹಲ್ಲಿನ ಬಿಳಿಯಂತೆ. ನಗ್ತಿದ್ದಾರೆ ಹೊರಗೆ."

"ನನ್ನ ಸಮಾಧಾನಕ್ಕೆ ಕಥೆ ಕಟ್ಬೇಡ."

"ಬೇಕಾದ್ರೆ ನೀವೇ ಬಂದು ನೋಡಿ... ಅನ್ನೋಣ ಅಂದ್ರೆ ನಿಮಗೆ ಕಾಣಲ್ಲ!"

ಬಾಯಿ ಜಾರಿತು. ನಾಲಿಗೆ ಕಚ್ಚಿಕೊಂಡೆ. ಮಾವ ನನ್ನನ್ನೇ ದಿಟ್ಟಿಸಿದರು. ಹೊಟ್ಟೆ ಕುಲುಕಿತು ಮೊದಲು, ಆಮೇಲೆ ಭುಜ. ಕೆಮ್ಮು ಬರುವ ತನಕ ನಕ್ಕರು.

"ನಿಮ್ಮನ್ನ ಬಿಟ್ಟು ನನಗೆ ಬಣ್ಣ ಬೇಡ ಮಾವ" ಅಂದೆ. "ಕಣ್ಣು ಸರಿ ಮಾಡಿಸ್ಕೊಂಡು ಬನ್ನಿ. ಡಬ್ಬಿ ಯಾರೂ ಮುಟ್ಟಲ್ಲ."

"ಭಯ ಆಗುತ್ತಮ್ಮ."

"ನನಗೂ ಆಗುತ್ತೆ. ಜೊತೇಲೇ ಹೋಗೋಣ."

ಮಾರ್ಚ್ 26

ಎರಡೂ ಕಣ್ಣಲ್ಲಿ ಪೊರೆ, ಚೆನ್ನಾಗಿ ಬಲಿತಿದೆ. ಮೊದಲು ಬಲಗಣ್ಣು. ಪೊರೆ ಹಳದಿಯಾದರೆ ನೀಲಿಯನ್ನೇ ತಡೆಯುತ್ತದಂತೆ. "ಮುಂಚೇನೇ ಬರಬಾರದಾಗಿತ್ತಾ?" ಅಂದರು ಡಾಕ್ಟರ್. ಮಾವ ನನ್ನ ಕಡೆ ಕೈ ತೋರಿಸಿದರು: "ಮೆಷಿನ್ ರಿಪೇರಿ ಆಗ್ಲಿ ಅಂತ ಕಾಯ್ತಿದ್ದೆ."

ಏಪ್ರಿಲ್ 4

ಆಪರೇಷನ್ ಆಯ್ತು. ಒಳಗೆ ಕರೆಯುವವರೆಗೂ ಮಾವ ನನ್ನ ಕೈ ಬಿಡಲಿಲ್ಲ. ಬೆರಳುಗಳು ಇನ್ನೂ ನೋಯುತ್ತಿವೆ. ಸ್ಕ್ರೂಡ್ರೈವರ್ ಹಿಡಿಯುವ ಬೆರಳು ಮಾವ, ಅಂದರೂ ಬಿಡಲಿಲ್ಲ.

ಏಪ್ರಿಲ್ 5

ಪಟ್ಟಿ ಬಿಚ್ಚಿದರು. ಮಾವ ನರ್ಸಿನ ಕೋಟು ನೋಡಿದರು, ಕಿಟಕಿ ನೋಡಿದರು. ಆಕಾಶದ ಮುಂದೆ ನಿಂತವರು ಬರಲೇ ಒಲ್ಲರು. ಮೂಗಿನ ತುದಿ ಕೆಂಪಾಗಿತ್ತು. ನನ್ನದೂ.

ಒಂದು ತಿಂಗಳು ಲೇಸರ್ ಬೇಡ, ಡಾಕ್ಟರ ಕಟ್ಟಪ್ಪಣೆ.

ಮೇ 5, ಭಾನುವಾರ, ರಾತ್ರಿ 8ಕ್ಕೆ

ಬೆಳಗ್ಗೆ ಏಳಕ್ಕೇ ಶೇವ್ ಆಗಿತ್ತು. ಸಂಜೆ ಏಳರತನಕ ಮಾವನ ಗದ್ದಕ್ಕೆ ಪುರುಸೊತ್ತಿರಲಿಲ್ಲ, ಮತ್ತೆ ಮತ್ತೆ ಸವರಿ ನೋಡಿಕೊಂಡರು.

ವೃತ್ತ ಚೌಕದೊಳಗೆ ಕರೆಕ್ಟಾಗಿ ಕೂತಿದೆ. ತಿಂಗಳು ರಜೆ ಸಿಕ್ಕಿತ್ತಲ್ಲ, ಆ ಕೆಲಸ ಮುಗಿಸಿದ್ದೆ.

"ಕೊನೇಲಿ ನಾನು ಇಟ್ಟಿದ್ದ ಬಿಳಿ ಹಾಕು" ಅಂದರು. ಬೇಡ ಮಾವ, ಹೊಸದಾಗಿ ಮಾಡೋಣ ಅಂದೆ. ಜಪ್ಪಯ್ಯ ಅಂದರೂ ಕೇಳಲಿಲ್ಲ. ಹಾಕಿದೆ.

ಗೋಡೆ ನೀಲಿ. ಮಾವ ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದರು. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ. ಮತ್ತೆ ಹಾಗೇ.

"ಇದನ್ನ ಆರು ತಿಂಗಳು ನೋಡಿದ್ರಾ?"

"ಹ್ಞೂಂ."

"ಚೆನ್ನಾಗಿದೆ ಅಂತ ಬೇರೆ ಹೇಳ್ತಿದ್ರಿ!"

"ನನಗೆ ತಲೆನೋವೂ ಬರ್ತಿತ್ತಪ್ಪಾ" ಅಂದರು ಇವರು.

ಮಾವ ನಗಲಿಲ್ಲ. ಡಬ್ಬಿ ತೊಡೆಗೆಳೆದುಕೊಂಡರು. ಕೆಂಪು, ಹಸಿರು ಏರಿಸಿದರು, ನೀಲಿ ಇಳಿಸಿದರು. ಮತ್ತೆ ಏರಿಸಿದರು. "ಹೊಸ ಕಣ್ಣು ನಂಬೋದಾ, ಹಳೇದಾ? ಬಿಳಿ ಅಂತ ಯಾವುದನ್ನ ನೋಡ್ಲಮ್ಮ ನಾನು?" ಅಂದರು.

ಬಿಳಿ ಹಾಳೆ ತರಲೆಂದು ಟೇಬಲ್ ಲ್ಯಾಂಪ್ ಹಾಕಿದೆ. ಲ್ಯಾಂಪಿನ ಪಕ್ಕ ಅತ್ತೆ ಕೂತಿದ್ದರು. ಮಾವ ಅತ್ತ ತಿರುಗಿದವರು ತಿರುಗಿಯೇ ಉಳಿದರು.

"ನಿನ್ನ ತಲೆ ಯಾವಾಗ ಇಷ್ಟು ಬೆಳ್ಳಗಾಯ್ತೇ?"

"ಯಾವ ಕಾಲವಾಯ್ತು! ಈಗ ಕೇಳ್ತಿದ್ದೀರಲ್ಲ."

"ನನಗೆ ಮಾಸಲು ಮಾಸಲಾಗೇ ಕಾಣ್ತಿತ್ತು. ಅಷ್ಟೇನೂ ನೆರೆದಿಲ್ಲ ಅಂದ್ಕೊಂಡಿದ್ದೆ." ಹಾಳೆ ತಂದವಳಿಗೆ ಬೇಡ ಎಂದು ಕೈಯಾಡಿಸಿದರು. "ಇವಳನ್ನ ಗೋಡೆ ಹತ್ರ ಕೂರಿಸು."

"ನನ್ನ ತಲೆ ಏನು ನಿಮಗೆ ಬಣ್ಣದ ಕಾರ್ಡಾ?" ಅಂದರು ಅತ್ತೆ. ಬೈದುಕೊಂಡೇ ಎದ್ದರು. ಬೆಳಕು ಬೀಳುವ ಜಾಗದಿಂದ ಆಚೆ ಸ್ಟೂಲ್ ಹಾಕಿ, ಮುಖ ಗೋಡೆಯ ಕಡೆ ತಿರುಗಿಸಿ ಕೂರಿಸಿದೆ. ಲ್ಯಾಂಪನ್ನು ಪಕ್ಕಕ್ಕೆ ಸರಿಸಿದೆ. ಮಾವ ಒಮ್ಮೆ ಅತ್ತೆಯ ತಲೆ ನೋಡುವರು, ಒಮ್ಮೆ ಗೋಡೆ. ನೀಲಿ ಒಂದಿಷ್ಟು. ಕೆಂಪು ಚೂರು. ಹಸಿರು, ಇನ್ನೊಂದು ಎಳೆ...

ಬಂತು. ಬಿಳಿ! ನೀಲಿಯೂ ಅಲ್ಲ, ಹಲ್ಲೂ ಅಲ್ಲ. ಇವರು ನನ್ನ ತೋಳು ಚಿವುಟಿದರು.

"ಆಯ್ತೇನ್ರೀ? ಕತ್ತು ನೋಯ್ತಿದೆ" ಅಂದರು ಅತ್ತೆ, ತಿರುಗದೆ.

"ಇರೇ. ಇನ್ನೂ ಸ್ವಲ್ಪ ಇದೆ."

ನಾಬ್‌ಗಳ ಮೇಲೆ ಮಾವನ ಕೈಯೇ ಇರಲಿಲ್ಲ. ಗೋಡೆಯನ್ನೂ ನೋಡುತ್ತಿರಲಿಲ್ಲ, ಅತ್ತೆಯನ್ನೇ ನೋಡುತ್ತಿದ್ದರು.

ನಾನು ಸೆಟ್ಟಿಂಗ್ ಸೇವ್ ಮಾಡಿ, ಕಾಫಿ ಇಡುವ ನೆಪದಲ್ಲಿ ಅಡುಗೆಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಈಗ ಅತ್ತೆ ನನ್ನನ್ನೇ ಕೂಗಿ ಕೇಳುತ್ತಿದ್ದಾರೆ, ಆಯ್ತಾ ಅಂತ. ಇನ್ನೂ ಇಲ್ಲ ಅತ್ತೆ ಅಂದೆ, ಇನ್ನೊಂದು ಐದು ನಿಮಿಷ —