ಕ್ಷಮಾವಣಿಯ ದಿನ ನಾನು ಇಟ್ಟ ಫೋನು

ಪುತ್ತಿಗೆ, ಮೂಡುಬಿದಿರೆ
14-10-2025

ಪ್ರೀತಿಯ ಚಂದ್ರಣ್ಣನಿಗೆ ತಂಗಿ ಅನಂತಮತಿಯ ಜೈ ಜಿನೇಂದ್ರ.

ನಿನ್ನ ಮೊಣಕಾಲು ನೋವು ಹೇಗುಂಟು? ಅತ್ತಿಗೆಯ ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಉಂಟೋ ಇಲ್ಲವೋ? ಫೋನಿನಲ್ಲೇ ಕೇಳುವ ಎಂದರೆ ಹತ್ತು ದಿನದಿಂದ ನಿನ್ನದು ಸ್ವಿಚ್ ಆಫ್. ಪೇಪರಿನವರ ಕಾಟ ಇರಬೇಕು. ದೇಶಕ್ಕೇ ಗೊತ್ತಿರುವ ಭೌತವಿಜ್ಞಾನಿ ಒಡಹುಟ್ಟಿದವಳಿಗೆ ಸಿಗದಿದ್ದರೆ ಕಾಗದವೇ ಗತಿ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಎಂದು ಈಗಲೂ ನಗಾಡಬೇಡ.

ಪೇಪರಿನಲ್ಲಿ ಬಂದ ನಿನ್ನ ಲೇಖನ ಓದಿದೆ. ಬದುಕು, ವಿಜ್ಞಾನ, ಶಾಂತಿ ಎಂದು ದೊಡ್ಡ ತಲೆಬರಹ ಹಾಕಿದ್ದಾರೆ. ನನಗೆ ಕಂಡದ್ದು ನಮ್ಮ ಬಾವಿಕಟ್ಟೆ. ನೀರು ಸೋಸಿದ ಬಟ್ಟೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ಕೊಡಪಾನದಲ್ಲಿ ಮೆಲ್ಲಗೆ ಅದೇ ಬಾವಿಗೆ ಇಳಿಸಿ ಬಿಡುತ್ತಿದ್ದವನು ನೀನು. ನಾನು ಸೋಮಾರಿತನದಿಂದ ಮೇಲಿಂದಲೇ ಚೆಲ್ಲಿದರೆ "ಅಷ್ಟೆತ್ತರದಿಂದ ಬಿದ್ದು ಸಾಯುವುದಿಲ್ಲವಾ ಮಾರಾಯ್ತಿ" ಎಂದು ನೀನು ಬೈಯುತ್ತಿದ್ದೆ. ಅದೇ ಕೈ ಮೂವತ್ತು ವರ್ಷ ಕ್ಷಿಪಣಿಗಳ ಲೆಕ್ಕ ಹಾಕಿತು, ಎಲ್ಲಿ ಬೀಳುತ್ತವೆ ಎಂದು ತಿಳಿದಿತ್ತು, ಯಾರ ಮೇಲೆ ಎಂದು ಕೇಳಲಿಲ್ಲ ಎಂದು ಬರೆದಿದ್ದೀಯ. "ಕ್ಷಮೆ ಕೇಳಬೇಕಾದವರ ವಿಳಾಸ ನನ್ನಲ್ಲಿಲ್ಲ" ಎಂಬಲ್ಲಿಗೆ ಬಂದಾಗ ಕನ್ನಡಕ ತೆಗೆದಿಟ್ಟೆ. ಉಳಿದದ್ದನ್ನು ಮಧ್ಯಾಹ್ನ ಊಟದ ಮೇಲೆ ಓದಿದೆ.

ಈ ಸಲದ ಕ್ಷಮಾವಣಿಯ ದಿನವೂ ನೀನು ಫೋನು ಮಾಡಿದ್ದೆ. ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸು ಎಂದು ನೀನು ಹೇಳಿದ್ದನ್ನೇ ನಾನೂ ಬಾಯಿಪಾಠದ ಹಾಗೆ ತಿರುಗಿ ಹೇಳಿದೆ. ಆಮೇಲೆ ನೀನು "ಅನಂತ, ನಮ್ಮ ಅನಿಷಾನ ವಿಷಯ ಒಂದು ಮಾತು ಉಂಟು" ಎಂದು ಶುರು ಮಾಡಿದೆ. ಬಿಸಿಲು ತೆಂಗಿನ ತುದಿಗೆ ಹೋಗಿತ್ತು. ಸೂರ್ಯ ಮುಳುಗುವ ಮೊದಲು ಊಟ ಆಗಬೇಕಲ್ಲ. "ಉಂಡು ಮಾಡ್ತೇನೆ" ಎಂದು ಫೋನು ಇಟ್ಟೆ. ಮಾಡಲಿಲ್ಲ, ಮರೆತೇಹೋಯಿತು. ಆ ಮಾತು ಏನೆಂದು ಲೇಖನದ ಕೊನೆಯಲ್ಲಿ ತಿಳಿಯಿತು: ನಮ್ಮ ಮನೆಯ ಇನ್ನೊಂದು ಮಗು ಈ ಕೆಲಸಕ್ಕೆ ಬರುವುದು ಬೇಡ.

ಆದರೆ ಅಣ್ಣ, ನನ್ನ ಮೊಮ್ಮಗಳು ಅನಿಷಾ ಕ್ಷಮಾವಣಿಯ ಮರುವಾರವೇ ನಿನ್ನ ಆ ಹಳೆಯ ಪ್ರಯೋಗಾಲಯಕ್ಕೆ ಸೇರಿಯಾಗಿದೆ. "ಚಂದ್ರಜ್ಜನಿಗೆ ನಾನೇ ಹೇಳ್ತೇನೆ, ನೀವು ಯಾರೂ ಬಾಯಿ ಬಿಡಬೇಡಿ" ಎಂದು ನಮಗೆಲ್ಲ ಕಟ್ಟಪ್ಪಣೆ ಮಾಡಿದ್ದಳು. ಸಣ್ಣವಳಿರುವಾಗಿನಿಂದ ಚಂದ್ರಜ್ಜನ ಹಾಗೆ ಆಗು ಎಂದು ಅವಳ ಕಿವಿ ತುಂಬಿದವಳು ನಾನು. ಕೆಲಸ ಸಿಕ್ಕಿದಾಗ ಬಸದಿಯಲ್ಲಿ ಅಭಿಷೇಕ ಮಾಡಿಸಿದವಳೂ ನಾನೇ. ಈಗ ಯಾವ ಮುಖ ಇಟ್ಟುಕೊಂಡು ಬಿಟ್ಟು ಬಾ ಎನ್ನಲಿ? ಅಲ್ಲೇ ಇರು ಎಂದರೆ ಮೂವತ್ತು ವರ್ಷದ ಮೇಲೆ ಅವಳೂ ಇಂಥದೇ ಲೇಖನ ಬರೆಯಬೇಕು. ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ. ಆ ಪೇಪರನ್ನು ಮಡಚಿ ಕಪಾಟಿನಲ್ಲಿ ಸೀರೆಗಳ ಅಡಿಗೆ ಇಟ್ಟಿದ್ದೇನೆ, ಅವಳ ಅಪ್ಪನಿಗೂ ತೋರಿಸಿಲ್ಲ. ಈ ಕಾಲದಲ್ಲಿ ಪೇಪರು ಅಡಗಿಸಿದರೆ ಸುದ್ದಿ ಅಡಗುವುದಿಲ್ಲ ಎಂದು ನನಗೂ ಗೊತ್ತುಂಟು. ಆದರೆ ಬೇರೆ ಏನು ಮಾಡುವುದೆಂದು ಗೊತ್ತಿಲ್ಲ. ನನ್ನ ಕೈಯಲ್ಲಿ ಆಗುವುದಿಲ್ಲ, ನೀನೇ ಅವಳ ಹತ್ತಿರ ಮಾತಾಡು.

ಅತ್ತಿಗೆಯನ್ನು ಕೇಳಿದೆನೆಂದು ಹೇಳು. ಪಾರ್ಶ್ವನಾಥ ಸ್ವಾಮಿ ನಿಮ್ಮಿಬ್ಬರನ್ನೂ ಚೆನ್ನಾಗಿ ಇಟ್ಟಿರಲಿ.

ನಿನ್ನ ತಂಗಿ,
ಅನಂತಮತಿ

ವಿ.ಸೂ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅನಿಷಾನ ಫೋನು ಬಂತು. ಅವಳ ಆಫೀಸಿನ ಗೋಡೆಯಲ್ಲಿ ನಿನ್ನ ಫೋಟೊ ಇತ್ತಂತೆ, ದಿನಾ ಅದನ್ನು ನೋಡಿಯೇ ಒಳಗೆ ಹೋಗುತ್ತಿದ್ದಳಂತೆ. ನಿನ್ನೆಯಿಂದ ಅಲ್ಲಿ ಬರೀ ಮೊಳೆ ಉಂಟಂತೆ. "ಯಾಕಜ್ಜಿ ತೆಗೆದದ್ದು?" ಎಂದು ಕೇಳಿದಳು. ಗೋಡೆಗೆ ಬಣ್ಣ ಬಳಿಯಲಿಕ್ಕೆ ಇರಬಹುದು ಎಂದೆ. ಸುಳ್ಳು ಹೇಳಿ ನನಗೆ ಅಭ್ಯಾಸ ಇಲ್ಲ. ಕಾಗದ ಸಿಕ್ಕಿದ ಕೂಡಲೇ ಅವಳಿಗೆ ಫೋನು ಮಾಡು, ಆಮೇಲೆ ನನಗೆ. ಸೂರ್ಯ ಮುಳುಗುವ ಹೊತ್ತಾದರೂ ಸರಿ, ಈ ಸಲ ನಾನು ಇಡುವುದಿಲ್ಲ.